ಟೆಂಡರಿನಲ್ಲಿ ಇಲ್ಲದ ಮಿಲಿಸೆಕೆಂಡು

ದೂರದಲ್ಲಿ ಕೂತು ರೋಬಾಟ್ ಮೂಲಕ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಇಷ್ಟು ವರ್ಷ ಕಣ್ಣನ್ನು ನಂಬಿ ಕೆಲಸ ಮಾಡಿದರು. ಅಂಗಾಂಶ ಎಷ್ಟು ಬಾಗಿತು, ಹೊಲಿಗೆಯ ದಾರ ಎಷ್ಟು ಬಿಗಿಯಿತು ಎಂದು ಪರದೆಯಲ್ಲಿ ನೋಡಿ, ಎಷ್ಟು ಬಲ ಬಿದ್ದಿರಬಹುದು ಎಂದು ಊಹಿಸುತ್ತಿದ್ದರು. ಆ ಕಾಲ ಮುಗಿಯುತ್ತಿದೆ. ಅಮೆರಿಕದ ಡಾ ವಿಂಚಿ 5 ಯಂತ್ರಕ್ಕೆ 2024ರ ಮಾರ್ಚ್‌ನಲ್ಲಿ ಅಲ್ಲಿನ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಉಪಕರಣದ ತುದಿಗೆ ತಗುಲಿದ ಬಲವನ್ನು ವೈದ್ಯರ ಬೆರಳಿಗೆ ಮುಟ್ಟಿಸುವ ವ್ಯವಸ್ಥೆ ಅದರಲ್ಲಿದೆ. ಇತ್ತ ನಮ್ಮ ದೇಶದಲ್ಲಿ ದೂರಶಸ್ತ್ರಚಿಕಿತ್ಸೆಯೂ ಪ್ರದರ್ಶನದ ಹಂತ ದಾಟುತ್ತಿದೆ. 2018ರ ಡಿಸೆಂಬರಿನಲ್ಲಿ ಡಾ. ತೇಜಸ್ ಪಟೇಲ್ ಅವರು ಗಾಂಧಿನಗರದ ಅಕ್ಷರಧಾಮದಲ್ಲಿ ಕೂತು, ಸುಮಾರು 32 ಕಿ.ಮೀ. ಆಚೆ ಅಹಮದಾಬಾದಿನ ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. 2025ರ ಜನವರಿಯಲ್ಲಿ ಗುರುಗ್ರಾಮದಿಂದ 286 ಕಿ.ಮೀ. ದೂರದ ಜೈಪುರಕ್ಕೆ ದೇಶೀಯ ರೋಬಾಟಿನಿಂದ ಹೃದಯದ ಶಸ್ತ್ರಚಿಕಿತ್ಸೆ ನಡೆಯಿತು.

ಸ್ಪರ್ಶ ತಿಳಿಸುವ ಯಂತ್ರ ಒಂದು ಕಡೆ, ದೂರದ ರೋಗಿ ಇನ್ನೊಂದು ಕಡೆ. ಈ ಎರಡು ದಾರಿ ಕೂಡಲು ಹೆಚ್ಚು ಕಾಲ ಬೇಕಿಲ್ಲ. ಕೂಡುವ ಮೊದಲೇ ಹೇಳಬೇಕಾದ ಮಾತೊಂದಿದೆ. ಇಂದು ನಮ್ಮ ಬಳಿ ಇರುವ ವಿಳಂಬದ ಮಿತಿಗಳು, ಟೆಂಡರ್ ನಮೂನೆಗಳು, ಆಸ್ಪತ್ರೆಗಳ ನೆಟ್‌ವರ್ಕ್ ನಿಯಮಗಳು ಎಲ್ಲವನ್ನೂ ಬರೆದಿರುವುದು ಕಣ್ಣು ಕಿವಿಗಳಿಗಾಗಿ. ಸ್ಪರ್ಶವನ್ನೂ ಅದೇ ಕಾಗದಗಳ ಮೇಲೆ ಸಾಗಿಸಹೊರಟರೆ ವ್ಯವಸ್ಥೆ ಎಲ್ಲಿ ಮುರಿಯುತ್ತದೆ ಎಂಬುದನ್ನು ಇವತ್ತೇ ಬೆರಳಿಟ್ಟು ತೋರಿಸಬಹುದು. ಮುರಿಯುವುದು ಯಂತ್ರ ಅಲ್ಲ, ಯಂತ್ರಗಳ ನಡುವಿನ ಪ್ರೋಟೊಕಾಲ್. ಅಂದರೆ ಡೇಟಾ ಹೇಗೆ ಹೊರಡಬೇಕು, ದಾರಿಯಲ್ಲಿ ಕಳೆದುಹೋದರೆ ಏನು ಮಾಡಬೇಕು, ಎಷ್ಟು ಹೊತ್ತು ಕಾಯಬೇಕು ಎಂಬ ಒಪ್ಪಂದ. ಆಸ್ಪತ್ರೆಯ ಆಡಳಿತ ಇದನ್ನು ಆರಿಸುವುದಿಲ್ಲ. ಯಾವುದೋ ಫೈರ್‌ವಾಲ್‌ನ ಹಳೆಯ ನಿಯಮ ಇದನ್ನು ಆರಿಸಿಬಿಡುತ್ತದೆ.

ಕಣ್ಣಿನ ಮಿತಿ ಎಲ್ಲಿಂದ ಬಂತು ಎಂಬುದರಿಂದ ಶುರು ಮಾಡೋಣ. 2001ರ ಸೆಪ್ಟೆಂಬರ್ 7ರಂದು ಫ್ರಾನ್ಸಿನ ಶಸ್ತ್ರವೈದ್ಯ ಝಾಕ್ ಮಾರೆಸ್ಕೋ ನ್ಯೂಯಾರ್ಕಿನಲ್ಲಿ ಕೂತು ಸ್ಟ್ರಾಸ್‌ಬರ್ಗ್‌ನ ಮಹಿಳೆಯೊಬ್ಬರ ಪಿತ್ತಕೋಶವನ್ನು ತೆಗೆದರು. ಅಟ್ಲಾಂಟಿಕ್ ಸಾಗರವನ್ನು ಒಬ್ಬರೇ ವಿಮಾನದಲ್ಲಿ ದಾಟಿದ ಲಿಂಡ್‌ಬರ್ಗ್ ಹೆಸರನ್ನೇ ಆ ಶಸ್ತ್ರಚಿಕಿತ್ಸೆಗೆ ಇಟ್ಟರು. ಫ್ರಾನ್ಸ್ ಟೆಲಿಕಾಂ ಅದಕ್ಕಾಗಿ ಎಟಿಎಂ ವಿಧಾನದ ಮೀಸಲು ಮಾರ್ಗವನ್ನು ಒದಗಿಸಿತ್ತು. (ಇದು ಹಣ ಕೊಡುವ ಎಟಿಎಂ ಅಲ್ಲ. ಎಲ್ಲ ಡೇಟಾವನ್ನೂ 53 ಬೈಟ್‌ಗಳ ಸಮಾನ ತುಂಡುಗಳಾಗಿ ಕತ್ತರಿಸಿ, ಮೊದಲೇ ಕಾದಿರಿಸಿದ ದಾರಿಯಲ್ಲಿ ಕಳಿಸುತ್ತಿದ್ದ ಆ ಕಾಲದ ಟೆಲಿಕಾಂ ಪದ್ಧತಿ.) ಕೈ ಆಡಿಸಿದ ಮೇಲೆ ಅದರ ಫಲ ಪರದೆಯಲ್ಲಿ ಕಾಣಲು ಸರಾಸರಿ 155 ಮಿಲಿಸೆಕೆಂಡು ಹಿಡಿಯಿತು. ಸುಮಾರು 330 ಮಿಲಿಸೆಕೆಂಡಿನವರೆಗೆ ವೈದ್ಯರು ಸುರಕ್ಷಿತವಾಗಿ ನಿಭಾಯಿಸಬಲ್ಲರು ಎಂದು ಆ ತಂಡ ಮೊದಲೇ ಪ್ರಯೋಗ ಮಾಡಿ ಕಂಡುಕೊಂಡಿತ್ತು. ಎರಡು ವರ್ಷದ ನಂತರ ಕೆನಡಾದಲ್ಲಿ ಡಾ. ಮೆಹ್ರಾನ್ ಅನ್ವರಿ ಹ್ಯಾಮಿಲ್ಟನ್‌ನಿಂದ ಸುಮಾರು 400 ಕಿ.ಮೀ. ದೂರದ ನಾರ್ತ್ ಬೇ ಊರಿನ ರೋಗಿಗಳಿಗೆ ಇದನ್ನೇ ದಿನನಿತ್ಯದ ಸೇವೆಯಂತೆ ನಡೆಸಿ ತೋರಿಸಿದರು.

ಇವೆಲ್ಲ ದೊಡ್ಡ ಸಾಧನೆಗಳು, ಅನುಮಾನವಿಲ್ಲ. ಆದರೆ ನ್ಯೂಯಾರ್ಕಿನಲ್ಲಿ ಬಳಸಿದ ಝೂಸ್ ರೋಬಾಟ್ ಬೆರಳಿಗೆ ಬಲವನ್ನು ಹಿಂತಿರುಗಿಸುತ್ತಿರಲಿಲ್ಲ. 330 ಎಂಬ ಅಂಕಿ ಕಣ್ಣಿನದು. ಕಣ್ಣಿಗೆ ತಡವಾದರೆ ಮನುಷ್ಯ ನಿಧಾನಿಸುತ್ತಾನೆ. ಸ್ವಲ್ಪ ಕೈ ಆಡಿಸಿ, ನಿಲ್ಲಿಸಿ, ಫಲ ಕಾಣುವವರೆಗೆ ಕಾದು ಮುಂದುವರಿಯುತ್ತಾನೆ. ಅಮೆರಿಕದ ಎಂಐಟಿಯಲ್ಲಿ 1960ರ ದಶಕದಲ್ಲೇ ದೂರದ ಯಂತ್ರಗೈಗಳನ್ನು ಆಡಿಸುವವರಲ್ಲಿ ಈ ಆಡಿಸಿ-ಕಾಯುವ ಅಭ್ಯಾಸವನ್ನು ಗುರುತಿಸಿದ್ದರು. ತಡವಾದ ಚಿತ್ರ ಕೆಲಸವನ್ನು ನಿಧಾನಗೊಳಿಸುತ್ತದೆ, ಕೈಯನ್ನು ಹಿಡಿದು ಅಲ್ಲಾಡಿಸುವುದಿಲ್ಲ.

ತಡವಾದ ಸ್ಪರ್ಶ ಅಲ್ಲಾಡಿಸುತ್ತದೆ. ವೈದ್ಯರು ಉಪಕರಣವನ್ನು ಮುಂದೆ ಒತ್ತುತ್ತಾರೆ, ಅದು ಆಚೆ ಊರಿನಲ್ಲಿ ಅಂಗಾಂಶಕ್ಕೆ ತಗುಲುತ್ತದೆ. ತಡೆ ಇನ್ನೂ ಬೆರಳಿಗೆ ಬಂದಿಲ್ಲವಾದ್ದರಿಂದ ಇನ್ನಷ್ಟು ಒತ್ತುತ್ತಾರೆ. ಅಷ್ಟರಲ್ಲಿ ಮೊದಲ ಒತ್ತಡದ ಉತ್ತರ ಬಂದು ಕೈಯನ್ನು ಹಿಂದೆ ತಳ್ಳುತ್ತದೆ. ಕೈ ಹಿಂದೆ ಬರುತ್ತದೆ, ಆದರೆ ಈಗ ಬರುತ್ತಿರುವುದು ಎರಡನೆಯ, ಇನ್ನೂ ಜೋರಾದ ಒತ್ತಡದ ಉತ್ತರ. ಹೀಗೆ ಮುಂದೆ ಹಿಂದೆ ಎಳೆದಾಟ ಶುರುವಾಗಿ ಪ್ರತಿ ಸುತ್ತಿನಲ್ಲೂ ಬೆಳೆಯಬಹುದು. ಎಂಜಿನಿಯರುಗಳ ಭಾಷೆಯಲ್ಲಿ ಹೇಳುವುದಾದರೆ, ವಿಳಂಬ ಎಂಬುದು ಯಾರೂ ಕೊಡದ ಶಕ್ತಿಯನ್ನು ವ್ಯವಸ್ಥೆಯೊಳಗೆ ಹುಟ್ಟುಹಾಕುತ್ತದೆ. ಇದಕ್ಕೆ ಮದ್ದನ್ನು ಆಂಡರ್ಸನ್ ಮತ್ತು ಸ್ಪಾಂಗ್ 1989ರಲ್ಲಿ, ನಿಮೇಯರ್ ಮತ್ತು ಸ್ಲೋಟೀನ್ 1991ರಲ್ಲಿ ಕೊಟ್ಟರು. ಹುಟ್ಟಿದ ಹೆಚ್ಚುವರಿ ಶಕ್ತಿಯನ್ನು ನಿಯಂತ್ರಕವೇ ನುಂಗಿಬಿಡುವಂತೆ ಮಾಡುವುದು ಆ ಮದ್ದಿನ ತಿರುಳು. ಕೈ ನಡುಗುವುದು ನಿಲ್ಲುತ್ತದೆ. ಆದರೆ ವಿಳಂಬ ಹೆಚ್ಚಿದಷ್ಟೂ ಬೆರಳಿಗೆ ಎಲ್ಲವೂ ಜಿಗುಟಾಗಿ, ಮೆತ್ತಗಾಗಿ ತಾಗುತ್ತದೆ. ಮೆತ್ತನೆಯ ಅಂಗಾಂಶದ ನಡುವೆ ಗಟ್ಟಿ ಗಂಟು ಎಲ್ಲಿದೆ ಎಂದು ತಿಳಿಯಲೆಂದೇ ವೈದ್ಯರು ಬೆರಳನ್ನು ಬಳಸುವುದು. ಆ ಗಟ್ಟಿತನವನ್ನೇ ಈ ಮದ್ದು ಅಳಿಸಿಹಾಕುತ್ತದೆ.

ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು ತಡವಾಗಿ ಬರುವ ಬಲವನ್ನು ಜನ ಹೇಗೆ ಗ್ರಹಿಸುತ್ತಾರೆ ಎಂದು ಪರೀಕ್ಷಿಸಿದಾಗ ಇನ್ನೊಂದು ತೊಡಕು ಕಂಡಿತು. ವಸ್ತುವಿನ ಒಳಗೂ ಹೊರಗೂ ಕೈ ಹೋಗಿಬಂದರೆ ಅದು ಇದ್ದದ್ದಕ್ಕಿಂತ ಗಟ್ಟಿ ಅನ್ನಿಸುತ್ತದೆ. ಒಳಗೇ ಇದ್ದು ಒತ್ತಿದರೆ ಇದ್ದದ್ದಕ್ಕಿಂತ ಮೆತ್ತಗೆ. ತಪ್ಪು ಯಾವಾಗಲೂ ಒಂದೇ ಕಡೆಗೆ ವಾಲುತ್ತಿದ್ದರೆ ವೈದ್ಯರು ಅಭ್ಯಾಸದಿಂದ ಸರಿಪಡಿಸಿಕೊಂಡಾರು. ಇದು ಹಾಗಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಮಾರಾಟಗಾರರು ಇದನ್ನು ಬಿಡಿಸುವುದಿಲ್ಲ. ಸ್ಪರ್ಶದ ಯಂತ್ರಗಳು ಸೆಕೆಂಡಿಗೆ ಸುಮಾರು 1000 ಬಾರಿ ಬಲವನ್ನು ಅಳೆದು ತಿದ್ದುತ್ತವೆ. ಗಟ್ಟಿ ಮೇಲ್ಮೈ ಗಟ್ಟಿಯಾಗಿಯೇ ತಾಗಬೇಕಾದರೆ ಅಷ್ಟು ವೇಗ ಬೇಕು. ಆದರೆ ಸೆಕೆಂಡಿಗೆ ಸಾವಿರ ಅಳತೆ ಅಂದರೆ ಒಂದು ಮಿಲಿಸೆಕೆಂಡಿನ ವಿಳಂಬ ಎಂದಲ್ಲ. ಅಳತೆ ಎಷ್ಟು ದಟ್ಟ ಎಂಬುದು ಒಂದು ಮಾತು, ಅದು ಎಷ್ಟು ತಡವಾಗಿ ತಲುಪುತ್ತದೆ ಎಂಬುದು ಇನ್ನೊಂದು. ಗಾಜಿನ ಎಳೆಯಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಹೋಗಿಬರುವುದು ಒಂದು ಮಿಲಿಸೆಕೆಂಡಿನಲ್ಲಿ ಮುಗಿಯಬೇಕಾದರೆ ರೋಗಿ 100 ಕಿ.ಮೀ. ಒಳಗಿರಬೇಕು, ಅದೂ ನಡುವೆ ಒಂದೂ ಸ್ವಿಚ್ ಇಲ್ಲದಿದ್ದರೆ. ಬೆಂಗಳೂರಿನಿಂದ ಕಲಬುರಗಿಗೆ ಫೈಬರ್ ದಾರಿ 600 ಕಿ.ಮೀ. ಎಂದಿಟ್ಟುಕೊಂಡರೆ ಬೆಳಕಿಗೇ ಹೋಗಿಬರಲು 6 ಮಿಲಿಸೆಕೆಂಡು ಬೇಕು. 5ಜಿ ಜಾಹೀರಾತಿನ ‘ಒಂದು ಮಿಲಿಸೆಕೆಂಡು’ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ರೇಡಿಯೊ ಭಾಗಕ್ಕಷ್ಟೇ ಇಟ್ಟ ಗುರಿ. ಟವರ್‌ನಿಂದಾಚೆಯ ದಾರಿ ಅದರಲ್ಲಿ ಸೇರಿಲ್ಲ. ಯಾವ ಕಂಪನಿ ಹಣ ಸುರಿದರೂ ಬೆಳಕು ಆ 6 ಮಿಲಿಸೆಕೆಂಡಿಗಿಂತ ಬೇಗ ಕಲಬುರಗಿಗೆ ಹೋಗಿಬರಲಾರದು.

ಹತ್ತಿಪ್ಪತ್ತು ಮಿಲಿಸೆಕೆಂಡಿನ ವಿಳಂಬ ಏರುಪೇರಿಲ್ಲದೆ ಸ್ಥಿರವಾಗಿದ್ದರೆ ಇಂದಿನ ನಿಯಂತ್ರಕಗಳು ಅದನ್ನು ಬಹುಮಟ್ಟಿಗೆ ಸಹಿಸುತ್ತವೆ. ಅವಕ್ಕೆ ಸಹಿಸಲಾಗದ್ದು ಈಗ 12, ಮುಂದಿನ ಕ್ಷಣ 60, ಮತ್ತೆ 14 ಎಂಬಂಥ ಹೊಯ್ದಾಟ. ನಮ್ಮ ಟೆಂಡರ್ ಕಾಗದಗಳು ಕುರುಡಾಗಿರುವುದು ಇಲ್ಲೇ.

ಆಸ್ಪತ್ರೆಯೊಂದಕ್ಕೆ ಲೀಸ್ಡ್ ಲೈನ್ ಬೇಕಾದಾಗ ಕೇಳುವ ಮೊದಲ ಪ್ರಶ್ನೆ ಎಷ್ಟು ಎಂಬಿಪಿಎಸ್ ಎಂದು. ವಿಡಿಯೊಗೆ ಅದು ಸರಿಯಾದ ಪ್ರಶ್ನೆ. ಸ್ಪರ್ಶಕ್ಕೆ ಅದು ಹೆಚ್ಚುಕಡಿಮೆ ಅಪ್ರಸ್ತುತ. ಲೆಕ್ಕ ಹಾಕಿ ನೋಡಿ: ಮೂರು ದಿಕ್ಕಿನ ಬಲಕ್ಕೆ ತಲಾ 4 ಬೈಟ್‌ನಂತೆ ಒಂದು ಅಳತೆಗೆ 12 ಬೈಟ್. ಅದನ್ನು ಹೊರುವ ಹೆಡರ್‌ಗಳೇ, ಈಥರ್ನೆಟ್‌ನದೂ ಸೇರಿ, ಅದರ ಮೂರು ಪಟ್ಟಿಗಿಂತ ಹೆಚ್ಚಾಗುತ್ತವೆ. ಆದರೂ ಸೆಕೆಂಡಿಗೆ ಸಾವಿರ ಕಳಿಸಿದರೆ ಒಂದು ದಿಕ್ಕಿಗೆ 1 ಎಂಬಿಪಿಎಸ್ ಕೂಡ ತುಂಬುವುದಿಲ್ಲ. ಸ್ಪರ್ಶಕ್ಕೆ ಬೇಕಾದ್ದು ಅಗಲವಾದ ದಾರಿಯಲ್ಲ, ಹೊತ್ತಿಗೆ ಸರಿಯಾಗಿ ಮುಟ್ಟಿಸುವ ದಾರಿ. 1 ಜಿಬಿಪಿಎಸ್ ಲೈನ್ ಹಾಕಿಸಿ, ಮಾಸಿಕ ಸರಾಸರಿ ವಿಳಂಬ 15 ಮಿಲಿಸೆಕೆಂಡು ಎಂದು ವರದಿ ತರಿಸಿಕೊಂಡು ಆಡಳಿತ ನೆಮ್ಮದಿಯಿಂದ ಕೂರಬಹುದು. ಆ ಸರಾಸರಿಯೊಳಗೆ ಅರ್ಧ ಸೆಕೆಂಡಿನ ನೂರಾರು ತಡೆಗಳು ಅಡಗಿದ್ದರೂ ವರದಿ ಹಾಗೇ ಇರುತ್ತದೆ. ಹೊಲಿಗೆ ಹಾಕುತ್ತಿರುವ ಕೈಗೆ ತಿಂಗಳ ಸರಾಸರಿಯಿಂದ ಆಗಬೇಕಾದ್ದೇನೂ ಇಲ್ಲ.

ಈಗ ಪ್ರೋಟೊಕಾಲ್. ನಾವು ದಿನವೂ ಬಳಸುವ ಬ್ಯಾಂಕ್, ಮಿಂಚಂಚೆ, ಆಸ್ಪತ್ರೆಯ ದಾಖಲೆ ತಂತ್ರಾಂಶ ಎಲ್ಲದರ ಬೆನ್ನೆಲುಬು ಟಿಸಿಪಿ. ಕಳಿಸಿದ ಒಂದೊಂದು ಬೈಟೂ, ಕಳಿಸಿದ ಕ್ರಮದಲ್ಲೇ ತಲುಪುತ್ತದೆ ಎಂಬುದು ಅದರ ಮಾತು. ಆ ಮಾತು ಉಳಿಸಿಕೊಳ್ಳಲು ಅದು ಕಾಯುತ್ತದೆ. ಪಂಕ್ತಿಯಲ್ಲಿ ಒಬ್ಬರ ಎಲೆಗೆ ಅನ್ನ ಬೀಳದಿದ್ದರೆ ಉಳಿದ ನೂರು ಜನರೂ ಬಡಿಸಿದ ಎಲೆ ಮುಂದೆ ಕೈಕಟ್ಟಿ ಕೂರುವ ಹಾಗೆ, ನಡುವೆ ಒಂದು ಪ್ಯಾಕೆಟ್ ಕಳೆದುಹೋದರೆ ಅದರ ಹಿಂದೆ ಸುಖವಾಗಿ ಬಂದಿಳಿದ ಪ್ಯಾಕೆಟ್‌ಗಳನ್ನೂ ಅದು ಆಚೆ ಬಿಡುವುದಿಲ್ಲ. ಹೋಗಿಬರಲು 20 ಮಿಲಿಸೆಕೆಂಡು ಹಿಡಿಯುವ ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ, ಕಳೆದದ್ದು ತಿಳಿದು ಮತ್ತೆ ತರಿಸಿಕೊಳ್ಳುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಳತೆಗಳು ಬಾಗಿಲಲ್ಲಿ ನಿಂತಿರುತ್ತವೆ. ಆಮೇಲೆ ಎಲ್ಲವೂ ಒಮ್ಮೆಗೇ ನುಗ್ಗುತ್ತವೆ. ಬೆರಳಿಗೆ ಮೊದಲು ಏನೂ ಇಲ್ಲ, ನಂತರ ಹಳೆಯ ಬಲಗಳ ಒಂದು ಗುದ್ದು. ಮತ್ತೆ ಕಳಿಸಿದ ಪ್ಯಾಕೆಟ್ಟೂ ಕಳೆದುಹೋದರೆ ಲಿನಕ್ಸ್ ಯಂತ್ರಗಳು ಸಾಮಾನ್ಯವಾಗಿ ಕನಿಷ್ಠ 200 ಮಿಲಿಸೆಕೆಂಡು ಕಾಯುತ್ತವೆ. ಸೆಕೆಂಡಿಗೆ 5 ಸೆಂ.ಮೀ. ವೇಗದಲ್ಲಿ ಚಲಿಸುತ್ತಿರುವ ಉಪಕರಣ ಅಷ್ಟರಲ್ಲಿ ಒಂದು ಸೆಂ.ಮೀ. ಮುಂದೆ ಹೋಗಿರುತ್ತದೆ. ಹೊಟ್ಟೆಯೊಳಗೆ ಒಂದು ಸೆಂ.ಮೀ. ಅಂದರೆ ಎಷ್ಟು ಎಂದು ಶಸ್ತ್ರವೈದ್ಯರನ್ನು ಕೇಳಿ ನೋಡಿ.

ಟಿಸಿಪಿಯೊಳಗೆ ಇನ್ನೊಂದು ಹಳೆಯ ಅಭ್ಯಾಸವೂ ಕೂತಿದೆ. 1984ರಲ್ಲಿ ಜಾನ್ ನೇಗಲ್ ಒಂದು ಉಪಾಯ ಸೂಚಿಸಿದರು. ಒಂದೊಂದು ಅಕ್ಷರವೂ 40 ಬೈಟ್ ಹೆಡರ್ ಹೊತ್ತು ಹೊರಟು ಜಾಲವನ್ನು ತುಂಬುತ್ತಿದ್ದ ಕಾಲ ಅದು. ಹಿಂದಿನದಕ್ಕೆ ರಸೀದಿ ಬರುವವರೆಗೆ ಚಿಕ್ಕ ಚೂರುಗಳನ್ನು ಕೂಡಿಟ್ಟು ಒಟ್ಟಿಗೆ ಕಳಿಸಿ ಎಂದರು. ಆ ಕಾಲಕ್ಕೆ ಅದು ಜಾಣತನವೇ. ಆದರೆ ಸ್ಪರ್ಶದ 12 ಬೈಟ್ ಅಳತೆಗಳು ನೇಗಲ್ ತಡೆಯಲು ಹೊರಟ ಚೂರುಗಳಂತೆಯೇ ಇವೆ. ಆ ಉಪಾಯವನ್ನು ನಿಲ್ಲಿಸದೆ ಬಿಟ್ಟರೆ, ಅದೇ 20 ಮಿಲಿಸೆಕೆಂಡಿನ ದಾರಿಯಲ್ಲಿ ಸೆಕೆಂಡಿಗೆ ಸಾವಿರ ಪ್ಯಾಕೆಟ್ ಇದ್ದದ್ದು ಐವತ್ತಕ್ಕೆ ಇಳಿದೀತು. ನಿಲ್ಲಿಸಲು ಪ್ರೋಗ್ರಾಮಿನಲ್ಲಿ ಒಂದು ಸಾಲು ಸಾಕು. ಆ ಸಾಲು ಇದೆಯೇ ಎಂದು ಖರೀದಿ ಸಮಿತಿಯಲ್ಲಿ ಯಾರೂ ಕೇಳುವುದಿಲ್ಲ.

ಹಾಗಾದರೆ ಸ್ಪರ್ಶಕ್ಕೆ ತಕ್ಕ ದಾರಿ ಯಾವುದು? ತಳದಲ್ಲಿ ಯುಡಿಪಿ ಎಂಬುದರಲ್ಲಿ ಈ ಕ್ಷೇತ್ರದವರಿಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಜಾನ್ ಪೋಸ್ಟಲ್ 1980ರಲ್ಲಿ ಮೂರೇ ಪುಟದಲ್ಲಿ ಬರೆದು ಮುಗಿಸಿದ ಪ್ರೋಟೊಕಾಲ್ ಅದು. ಕಳಿಸುತ್ತದೆ, ಮರೆಯುತ್ತದೆ. ಒಂದು ಅಳತೆ ಕಳೆದರೆ ಮಿಲಿಸೆಕೆಂಡಿನಲ್ಲಿ ಅದಕ್ಕಿಂತ ಹೊಸದು ಬರುತ್ತದೆ, ಹಳೆಯದನ್ನು ಹುಡುಕಿಕೊಂಡು ಹೋಗುವುದೇ ಹಾನಿ. ಕಡತ ಕಳಿಸಿ ಪಳಗಿದವರಿಗೆ ಡೇಟಾ ಎಸೆಯುವುದು ಪಾಪವೆನಿಸುತ್ತದೆ. ಸ್ಪರ್ಶದಲ್ಲಿ ತಡವಾಗಿ ಬಂದದ್ದನ್ನು ಎಸೆಯದಿರುವುದೇ ತಪ್ಪು.

ಆದರೆ ಬರೀ ಯುಡಿಪಿ ಎಂದು ಬರೆದುಬಿಟ್ಟರೂ ಮುಗಿಯಲಿಲ್ಲ. ಅದರಲ್ಲಿ ಕ್ರಮಸಂಖ್ಯೆ ಇಲ್ಲ, ಕಾಲಮುದ್ರೆ ಇಲ್ಲ, ಗೂಢಲಿಪಿ ಇಲ್ಲ. ಇವೆಲ್ಲವನ್ನೂ ಮೇಲೆ ಕಟ್ಟಿಕೊಳ್ಳಬೇಕು. ಇನ್ನೊಂದು ಕಡೆ, ಕಳೆದುಹೋಗಲೇಬಾರದ ಸಂದೇಶಗಳೂ ಇದೇ ತಂತಿಯಲ್ಲಿವೆ. ತುರ್ತು ನಿಲುಗಡೆ, ಉಪಕರಣ ಬದಲಾವಣೆ, ಕೈಯನ್ನು ಯಂತ್ರದಿಂದ ಬಿಡಿಸಿಕೊಳ್ಳುವ ಪೆಡಲ್ ಇಂಥವು. ಅಂದರೆ ಒಂದೇ ಸಂಪರ್ಕದಲ್ಲಿ ಎರಡು ಬಗೆಯ ಸಾಗಣೆ ಬೇಕು. ಬ್ರೌಸರಿನ ವಿಡಿಯೊ ಕರೆಗಳನ್ನು ಸಾಗಿಸುವ ವೆಬ್‌ಆರ್‌ಟಿಸಿಯ ಡೇಟಾ ಚಾನೆಲ್‌ಗಳು ಇದಕ್ಕೆ ಅವಕಾಶ ಕೊಡುತ್ತವೆ. ಯುಡಿಪಿ ಮೇಲೆಯೇ ಕಟ್ಟಿದ, 2021ರಲ್ಲಿ ಮಾನಕವಾದ ಕ್ವಿಕ್ ಪ್ರೋಟೊಕಾಲ್, 2022ರಲ್ಲಿ ಅದಕ್ಕೆ ಸೇರಿದ ಡೇಟಾಗ್ರಾಂ ಸೌಲಭ್ಯದ ಜೊತೆ, ಇನ್ನೂ ಅಚ್ಚುಕಟ್ಟಾಗಿ ಕೊಡುತ್ತದೆ. ಅಲ್ಲೂ ಒಂದು ಮುಳ್ಳಿದೆ. ದಾರಿಯಲ್ಲಿ ದಟ್ಟಣೆ ಇದೆ ಎನ್ನಿಸಿದರೆ ಕ್ವಿಕ್ ಈ ಡೇಟಾಗ್ರಾಂಗಳನ್ನೂ ತಡೆದು ನಿಲ್ಲಿಸಬಹುದು ಅಥವಾ ಕೈಬಿಡಬಹುದು. ಮೀಸಲು ಮಾರ್ಗವಿಲ್ಲದೆ ಇದನ್ನು ಸಾರ್ವಜನಿಕ ಇಂಟರ್‌ನೆಟ್‌ನಲ್ಲಿ ಓಡಿಸಿ ಶಸ್ತ್ರಚಿಕಿತ್ಸೆ ಮಾಡುವುದನ್ನು ಈ ಪತ್ರಿಕೆ ಒಪ್ಪುವುದಿಲ್ಲ. ದೂರದಿಂದ ಅಲ್ಟ್ರಾಸೌಂಡ್ ಪ್ರೋಬ್ ಆಡಿಸುವುದಕ್ಕೆ, ವಿದ್ಯಾರ್ಥಿಗಳಿಗೆ ತರಬೇತಿ ಕೊಡುವುದಕ್ಕೆ ಆದೀತು.

ಪ್ಯಾಕೆಟ್ ಕಡಿಮೆ ಮಾಡುವ ಒಂದು ಜಾಣ ದಾರಿಯ ಬಗ್ಗೆಯೂ ಎರಡು ಮಾತು. ಭಾರದಲ್ಲಾಗುವ ಸಣ್ಣ ಬದಲಾವಣೆ ಕೈಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದರೆ ಅದು ಮೊದಲಿನ ಭಾರದ ಇಂತಿಷ್ಟು ಪಾಲಾದರೂ ಇರಬೇಕು ಎಂದು ಜರ್ಮನಿಯ ಎರ್ನ್ಸ್ಟ್ ವೆಬರ್ 19ನೇ ಶತಮಾನದಲ್ಲೇ ತೋರಿಸಿದ್ದರು. ಬಲದ ವಿಷಯದಲ್ಲಿ ಆ ಪಾಲು ಸುಮಾರು ಹತ್ತನೇ ಒಂದು. ಅದಕ್ಕಿಂತ ಸಣ್ಣ ಬದಲಾವಣೆಯನ್ನು ಕಳಿಸದೇ ಇರುವ ವಿಧಾನವನ್ನು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದವರು ಬೆಳೆಸಿದರು. ಸ್ಪರ್ಶದ ಡೇಟಾಗೆಂದೇ ಇರುವ ಐಇಇಇಯ 1918.1.1 ಮಾನಕದ ಬೇರೂ ಇಂಥ ಕೆಲಸದಲ್ಲೇ ಇದೆ. ವಿಧಾನ ಒಳ್ಳೆಯದೇ, ಅದರಲ್ಲೂ ವೈ-ಫೈನಲ್ಲಿ, ಏಕೆಂದರೆ ಅಲ್ಲಿ ಹೊರೆಯಾಗುವುದು ಬೈಟ್‌ಗಳ ಗಾತ್ರಕ್ಕಿಂತ ಪ್ಯಾಕೆಟ್‌ಗಳ ಎಣಿಕೆ. ಆದರೆ ಹತ್ತರಲ್ಲಿ ಒಂಬತ್ತನ್ನು ಕಳಿಸದೇ ಬಿಟ್ಟ ಮೇಲೆ, ಉಳಿದ ಒಂದು ಕಳೆದುಹೋದರೆ ಆಚೆ ಬದಿ ತಪ್ಪು ಬಲವನ್ನೇ ಹಿಡಿದು ಕೂರುತ್ತದೆ. ಫೈಬರ್‌ನಲ್ಲಿ 1 ಎಂಬಿಪಿಎಸ್ ಉಳಿಸಲು ಈ ಅಪಾಯ ತಂದುಕೊಳ್ಳಬೇಕಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವೈ-ಫೈ ಬೇಡ ಎಂದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಈ ಸಂಪಾದಕೀಯ ಬರೆಯಲು ಮುಖ್ಯ ಕಾರಣ ಇನ್ನೂ ಬಂದಿಲ್ಲ. ಇಷ್ಟೆಲ್ಲ ತಿಳಿದು, ಯಂತ್ರದ ಕಂಪನಿ ಯುಡಿಪಿ ಮೇಲೆಯೇ ಎಲ್ಲವನ್ನೂ ಕಟ್ಟಿ, ಉದ್ಘಾಟನೆಯ ದಿನ ಸಚಿವರ ಎದುರು ಸೊಗಸಾಗಿ ತೋರಿಸಿತು ಎಂದುಕೊಳ್ಳಿ. ಅದೇ ಯಂತ್ರ ಜಿಲ್ಲಾ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿನ ಫೈರ್‌ವಾಲ್ ಬಹುತೇಕ ಯುಡಿಪಿಯನ್ನು ತಡೆಯುತ್ತದೆ, ವೆಬ್‌ಗೆಂದು ಟಿಸಿಪಿಯ 443ನೇ ಬಾಗಿಲನ್ನು ಮಾತ್ರ ತೆರೆದಿಡುತ್ತದೆ. ಬಹಳ ಸಂಸ್ಥೆಗಳ ಜಾಲ ಹೀಗೇ ಇರುತ್ತದೆ, ಭದ್ರತೆಯ ದೃಷ್ಟಿಯಿಂದ ಅದು ತಪ್ಪೂ ಅಲ್ಲ. ಆಗ ವೆಬ್‌ಆರ್‌ಟಿಸಿ ಆಧಾರಿತ ತಂತ್ರಾಂಶ ಮಾಡುವುದೇನು? ನಡುವಿನ ಸರ್ವರ್ ಒಂದರ ಮೂಲಕ ಟಿಸಿಪಿಗೆ ಜಾರಿಕೊಳ್ಳುತ್ತದೆ. ಕ್ವಿಕ್ ಬಳಸುವ ತಂತ್ರಾಂಶಗಳೂ ಸಾಮಾನ್ಯವಾಗಿ ಹಾಗೇ. ಅಥವಾ ತಂತ್ರಾಂಶ ಯುಡಿಪಿಯನ್ನೇ ಹಿಡಿದಿರುತ್ತದೆ, ಆದರೆ ಆಸ್ಪತ್ರೆ ಅದನ್ನು ಟಿಸಿಪಿ ಮೇಲೆ ಓಡುವ ವಿಪಿಎನ್‌ನೊಳಗೆ ತುಂಬಿಸಿರುತ್ತದೆ. ಎರಡರಲ್ಲೂ ಪರದೆಯ ಮೇಲೆ ‘ಸಂಪರ್ಕ ಸಿದ್ಧ’ ಎಂದೇ ಬರುತ್ತದೆ, ಹಸಿರು ದೀಪವೇ ಉರಿಯುತ್ತದೆ. ವಿಡಿಯೊ ಕರೆಗೆ ಈ ಜಾರಿಕೆ ವರದಾನ. ಕರೆ ಕಡಿದುಹೋಗುವುದಕ್ಕಿಂತ ತುಸು ತಡವರಿಸಿ ನಡೆಯುವುದು ಮೇಲು ಎಂದೇ ಅದನ್ನು ರೂಪಿಸಿದ್ದಾರೆ. ಸ್ಪರ್ಶಕ್ಕೆ ಮಾತ್ರ ಇದಕ್ಕಿಂತ ಕೆಟ್ಟ ವರ್ತನೆ ಇನ್ನೊಂದಿಲ್ಲ. ಪ್ರದರ್ಶನದಲ್ಲಿ ಪರೀಕ್ಷೆಯಾದ ವ್ಯವಸ್ಥೆಯೇ ಬೇರೆ, ರೋಗಿಯ ಮೇಲೆ ಓಡುತ್ತಿರುವ ವ್ಯವಸ್ಥೆಯೇ ಬೇರೆ. ಬದಲಾದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ, ಅದಕ್ಕೆ ಯಾರೂ ಸಹಿ ಹಾಕಿರುವುದಿಲ್ಲ.

ಆದ್ದರಿಂದ ಟೆಂಡರಿನಲ್ಲಿ ಒಂದು ವಾಕ್ಯ ಕಡ್ಡಾಯವಾಗಬೇಕು: ಒಪ್ಪಿದ ಪ್ರೋಟೊಕಾಲ್‌ನಲ್ಲಿ ಸಂಪರ್ಕ ಸಿಗದಿದ್ದರೆ ಯಂತ್ರ ಶುರುವಾಗಕೂಡದು. ನಡುವೆ ವಿಳಂಬ ಮಿತಿ ಮೀರಿದರೆ ಮೊದಲು ಬೆರಳಿಗೆ ಬರುವ ಬಲ ನಿಲ್ಲಬೇಕು, ನಿಂತದ್ದು ವೈದ್ಯರಿಗೆ ಆ ಕ್ಷಣವೇ ತಿಳಿಯಬೇಕು, ಉಪಕರಣ ಇದ್ದಲ್ಲೇ ತಟಸ್ಥವಾಗಬೇಕು. ರೋಗಿಯ ಪಕ್ಕದಲ್ಲಿ ಕೈ ತೊಳೆದು ಸಿದ್ಧವಾಗಿ ನಿಂತ ಶಸ್ತ್ರವೈದ್ಯರೊಬ್ಬರು ಇರಲೇಬೇಕು. ಈ ಕೊನೆಯದು ದುಬಾರಿ ಎನ್ನುವವರಿದ್ದಾರೆ. ಅದು ದುಬಾರಿಯೇ. ವೈದ್ಯರಿಲ್ಲದ ಊರಿಗೆ ದೂರಶಸ್ತ್ರಚಿಕಿತ್ಸೆ ಎಂಬ ಭಾಷಣದ ಮಾತನ್ನು ಅದು ಸ್ವಲ್ಪ ಮಂಕು ಮಾಡುತ್ತದೆ ಎಂಬುದೂ ನಿಜ.

ಗೂಢಲಿಪಿಯ ಬಗ್ಗೆ ‘ಅದರಿಂದ ತಡವಾಗುತ್ತದೆ, ಬಿಟ್ಟುಬಿಡೋಣ’ ಎಂಬ ವಾದ ಕೇಳಿಬರುವುದುಂಟು. ಇಂದಿನ ಪ್ರೊಸೆಸರ್‌ಗಳಲ್ಲಿ 12 ಬೈಟ್ ಅಳತೆಯನ್ನು ಗೂಢಲಿಪಿಗೆ ತಿರುಗಿಸಲು ಹಿಡಿಯುವುದು ಮೈಕ್ರೊಸೆಕೆಂಡುಗಳು. ಹಾಗಾಗಿ ಇದು ನೆಪ. ಬಿಟ್ಟರೆ ಏನಾಗುತ್ತದೆ ಎಂಬುದನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತಮ್ಮದೇ ರೇವನ್ 2 ರೋಬಾಟಿನ ಮೇಲೆ ತೋರಿಸಿದರು. ಗೂಢಲಿಪಿಯಿಲ್ಲದ ಯುಡಿಪಿ ಪ್ಯಾಕೆಟ್‌ಗಳ ನಡುವೆ ನುಸುಳಿ ಆಜ್ಞೆಗಳನ್ನು ತಡಮಾಡಿದರು, ಕ್ರಮ ತಪ್ಪಿಸಿದರು, ಯಂತ್ರವನ್ನು ತಮ್ಮ ಹಿಡಿತಕ್ಕೂ ತೆಗೆದುಕೊಂಡರು. ತುರ್ತು ನಿಲುಗಡೆಯನ್ನು ಮತ್ತೆ ಮತ್ತೆ ಒತ್ತಿಸಿ ರೋಬಾಟನ್ನು ಬಳಸಲಾಗದಂತೆಯೂ ಮಾಡಿದರು. ಅಲ್ಲಿ ಇದ್ದದ್ದು ರಬ್ಬರ್ ತುಂಡುಗಳು, ರೋಗಿಯಲ್ಲ.

ದಾರಿ ಕಡಿಯುವುದರ ಬಗ್ಗೆ ನಮ್ಮ ಓದುಗರಿಗೆ ಹೇಳಿಕೊಡಬೇಕಿಲ್ಲ. ರಸ್ತೆ ಅಗೆದಾಗ ಫೈಬರ್ ಹೋಗುತ್ತದೆ. ಎರಡು ಕಂಪನಿಗಳಿಂದ ಎರಡು ಲೈನ್ ಪಡೆದರೂ ಎರಡೂ ಒಂದೇ ಚರಂಡಿ ಬದಿಯ ಒಂದೇ ಡಕ್ಟ್‌ನಲ್ಲಿ ಮಲಗಿದ್ದರೆ ಜೆಸಿಬಿಗೆ ಅವು ಒಂದೇ. ಸ್ಪರ್ಶದ ಡೇಟಾ ಇಷ್ಟು ಚಿಕ್ಕದಾದ್ದರಿಂದ ಪ್ರತಿ ಪ್ಯಾಕೆಟ್ಟನ್ನೂ ಎರಡು ದಾರಿಯಲ್ಲೂ ಕಳಿಸಿ, ಮೊದಲು ಬಂದದ್ದನ್ನು ಬಳಸುವುದು ಹೆಚ್ಚು ಖರ್ಚಿಲ್ಲದ ಉಪಾಯ. ಆದರೆ ಎರಡು ದಾರಿ ನಿಜಕ್ಕೂ ಎರಡೇ ಎಂಬುದಕ್ಕೆ ನಕ್ಷೆ ಕೇಳಬೇಕು, ಬಿಲ್ ನೋಡಿದರೆ ಸಾಲದು. ಒಂದು ಕಡಿದ ಮೇಲೆ ಇನ್ನೊಂದಕ್ಕೆ ತಿರುಗುತ್ತೇವೆ ಎಂಬ ಭರವಸೆ ಇಲ್ಲಿ ನಡೆಯದು. ಇಂಟರ್‌ನೆಟ್‌ನ ಮಾರ್ಗಗಳು ತಾವಾಗಿ ತಿರುಗಿಕೊಳ್ಳಲು ಸೆಕೆಂಡುಗಳು, ಕೆಲವೊಮ್ಮೆ ನಿಮಿಷಗಳು ಬೇಕು.

ಕರ್ನಾಟಕಕ್ಕೆ ಈ ಹಾದಿ ಹೊಸದಲ್ಲ. 2002ರ ಹೊತ್ತಿಗೆ ಇಸ್ರೊ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳಿಗೆ ಜೋಡಿಸಿತ್ತು. ಹೃದಯದ ಇಸಿಜಿ, ಎಕ್ಸ್‌ರೇ, ಮುಖಾಮುಖಿ ಮಾತು ಎಲ್ಲವೂ ನಡೆದವು. ಭೂಮಿಯಿಂದ 35,786 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಹತ್ತಿ ಇಳಿಯಲು ಸಂಕೇತಕ್ಕೆ ಸುಮಾರು 240 ಮಿಲಿಸೆಕೆಂಡು ಬೇಕು, ಪ್ರಶ್ನೆ ಉತ್ತರ ಎರಡೂ ಸೇರಿ ಅರ್ಧ ಸೆಕೆಂಡಿನ ಹತ್ತಿರ. ಇಸಿಜಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ. ಆ ಯಶಸ್ಸೇ ಈಗ ತೊಡಕಾಗುವ ಸಂಭವವಿದೆ. ‘ಲೈನ್ ಇದೆ, ಚಿತ್ರ ಚೆನ್ನಾಗಿ ಬರುತ್ತಿದೆ, ಇದರಲ್ಲೇ ರೋಬಾಟನ್ನೂ ಸೇರಿಸಿ’ ಎಂಬ ಸಲಹೆ ಯಾವ ಸಭೆಯಲ್ಲಾದರೂ ಸಹಜವಾಗಿ ಬಂದೀತು. ಬೇಡ ಎನ್ನಲು ಸಭೆಯಲ್ಲಿರುವವರ ಕೈಯಲ್ಲಿ ಕಾಗದವೊಂದು ಬೇಕು.

ಆ ಕಾಗದ ಇಂದು ಇಲ್ಲ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ದೂರದಿಂದ ಮಾಡುವ ಶಸ್ತ್ರಚಿಕಿತ್ಸೆಯನ್ನು ತನ್ನ ವ್ಯಾಪ್ತಿಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಕೊರೊನಾದ ಆ ತುರ್ತಿನಲ್ಲಿ ಅದು ಸರಿಯಾದ ನಿರ್ಧಾರವೇ ಆಗಿತ್ತು. ಅದಾದ ಮೇಲೆ ಶಸ್ತ್ರಚಿಕಿತ್ಸೆಗಳು ನಡೆದಿವೆ. ಯಂತ್ರವನ್ನು 2017ರ ವೈದ್ಯಕೀಯ ಉಪಕರಣ ನಿಯಮಗಳ ಅಡಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ನೋಡುತ್ತದೆ. ಲೈನ್ ದೂರಸಂಪರ್ಕ ಇಲಾಖೆಯ ಕಡೆಯದು. ವೈದ್ಯರ ನಡವಳಿಕೆ ರಾಷ್ಟ್ರೀಯ ವೈದ್ಯಕೀಯ ಆಯೋಗದ್ದು. ಫೈರ್‌ವಾಲ್ ಆಸ್ಪತ್ರೆಯ ಐಟಿ ಗುತ್ತಿಗೆದಾರನದು. ನಾಳೆ ಒಂದು ದುರಂತವಾಗಿ ವಿಚಾರಣೆ ಶುರುವಾದರೆ ಈ ನಾಲ್ವರೂ ತಮ್ಮ ಭಾಗ ಸರಿಯಾಗಿತ್ತು ಎಂದು ದಾಖಲೆ ತೋರಿಸಬಲ್ಲರು. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಪ್ರತಿ ಪ್ಯಾಕೆಟ್ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂತು ಎಂಬ ದಾಖಲೆ ಎರಡೂ ಬದಿಯಲ್ಲಿ, ಒಂದೇ ಗಡಿಯಾರಕ್ಕೆ ಹೊಂದಿಸಿ, ಯಂತ್ರದ ಕಂಪನಿಯೂ ತಿದ್ದಲಾಗದಂತೆ ಇರದಿದ್ದರೆ ಸತ್ಯ ಹೊರಬರುವ ದಾರಿಯೇ ಇಲ್ಲ. ಪ್ರೋಟೊಕಾಲ್ ಕಂಪನಿಯ ಗುಟ್ಟಾಗಿದ್ದರೆ ಆ ದಾಖಲೆಯನ್ನು ಹೊರಗಿನವರು ಓದಲೂ ಆಗದು. ಆದ್ದರಿಂದ ಅದು ಬಹಿರಂಗವಾಗಿ ಪ್ರಕಟವಾದದ್ದೇ ಆಗಿರಬೇಕು ಎಂದು ಕೇಳುವುದು ಸಿದ್ಧಾಂತದ ಹಟವಲ್ಲ.

ವೈದ್ಯಕೀಯ ಆಯೋಗ ದೂರಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ಮಾರ್ಗಸೂಚಿ ತರಲಿ, ಅದರಲ್ಲಿ ದೂರಸಂಪರ್ಕ ಇಲಾಖೆಯೂ ಸಹಿ ಹಾಕಲಿ, ಕಣ್ಣಿನ ಮಿತಿ ಒಂದು ಸ್ಪರ್ಶದ ಮಿತಿ ಒಂದು ಎಂದು ಬೇರೆ ಬೇರೆ ಅಂಕಿ ಬರಲಿ. ದೆಹಲಿಯಲ್ಲಿ ಅದು ಆಗುವವರೆಗೆ ನಮ್ಮ ಆರೋಗ್ಯ ಇಲಾಖೆ ಕೈಕಟ್ಟಿ ಕೂರಬೇಕಿಲ್ಲ. ಬೆಂಗಳೂರಿನಲ್ಲಿ ಒಂದು, ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಒಂದು ಲ್ಯಾಪ್‌ಟಾಪ್ ಇಟ್ಟು, ನಡುವೆ ಸೆಕೆಂಡಿಗೆ ಸಾವಿರ ಚಿಕ್ಕ ಯುಡಿಪಿ ಪ್ಯಾಕೆಟ್‌ಗಳನ್ನು ಒಂದು ವಾರ ಹಗಲು ರಾತ್ರಿ ಓಡಿಸಲಿ. ಓಪಿಡಿ ತುಂಬಿ ತುಳುಕುವ ಸೋಮವಾರದ ಬೆಳಗ್ಗೆಯೂ ಅದರಲ್ಲಿ ಬರಲಿ, ಮಳೆಯಲ್ಲಿ ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ಸಂಜೆಯೂ ಬರಲಿ. ಪ್ಯಾಕೆಟ್‌ಗಳು ಫೈರ್‌ವಾಲ್ ದಾಟಿದವೇ, ಆ ವಾರದ ಅತಿ ಕೆಟ್ಟ ಕ್ಷಣದಲ್ಲಿ ಎಷ್ಟು ತಡವಾಯಿತು, ಸಾಲಾಗಿ ಎಷ್ಟು ಕಳೆದವು ಎಂಬ ಮೂರು ಉತ್ತರಗಳನ್ನು ಟೆಂಡರ್ ಕರಡಿಗೆ ಲಗತ್ತಿಸಲಿ. ಯಾವ ಯಂತ್ರ ಕೊಳ್ಳಬೇಕು ಎಂಬ ಚರ್ಚೆ ಆಮೇಲೆ ಶುರುವಾಗಲಿ.